ನೀರು ಬಿಡುವ ಮೊದಲೇ ಅರ್ಧ ಸ್ನಾನ

ವೃದ್ಧರ ಆರೈಕೆ ಕೇಂದ್ರದಲ್ಲಿ ಒಬ್ಬರ ಸ್ನಾನಕ್ಕೆ ನಾವು 40 ನಿಮಿಷ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಮೈಮೇಲೆ ನೀರು ಬೀಳುವುದು ಎಂಟೋ ಹತ್ತೋ ನಿಮಿಷ. ಮಿಕ್ಕಿದ್ದೆಲ್ಲ ಹಿಂದುಮುಂದಿನ ಕೆಲಸ. ಹೊಸದಾಗಿ ಸೇರಿದವರು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ. ಎರಡು ನಿಮಿಷದಲ್ಲಿ ಬಟ್ಟೆ ಬಿಚ್ಚಿ, ಅರ್ಧ ಗಂಟೆ ಉಜ್ಜಿ ತೊಳೆದು, ಅರೆ ಒದ್ದೆ ಮೈಗೇ ಬಟ್ಟೆ ತೊಡಿಸಿ ಕಳಿಸುತ್ತಾರೆ. ಹಿರಿಯರು ಕೂಗುವುದು, ಕೈ ತಿರುಚುವುದು, ಉಗುರಿನಿಂದ ಗೀರುವುದು ಹೆಚ್ಚಾಗಿ ಇಂಥ ಸ್ನಾನದಲ್ಲೇ. ಆಮೇಲೆ ದಾಖಲೆಯಲ್ಲಿ 'ಹಠಮಾರಿ' ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆ ಹಠದ ಜಾಡು ಹಿಡಿದು ಹೋದರೆ ಚಳಿ, ನೋವು, ಹೆದರಿಕೆ, ಅವಸರ ಈ ನಾಲ್ಕರಲ್ಲಿ ಒಂದಾದರೂ ಸಿಗುತ್ತದೆ. ಅವಸರ ಮಾತ್ರ ಯಾವಾಗಲೂ ನಮ್ಮದು.

ವೃದ್ಧರು ಎಷ್ಟರಮಟ್ಟಿಗೆ ಸ್ವಾವಲಂಬಿಗಳು ಎಂದು ಅಳೆಯಲು ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಕೊಟ್ಟ ಆರು ಕೆಲಸಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಕೈತಪ್ಪುವುದೂ ಇದೇ ಕ್ರಮದಲ್ಲಿ, ಸ್ನಾನವೇ ಮೊದಲು. ಹಾಗಾಗಿ ನಮ್ಮೆದುರು ಬೆತ್ತಲೆ ಕೂರಬೇಕಾಗಿ ಬಂದವರಲ್ಲಿ ಎಷ್ಟೋ ಮಂದಿ ತಮ್ಮ ಕೈಯಾರೆ ಉಣ್ಣುತ್ತಾರೆ, ಪತ್ರಿಕೆ ಓದುತ್ತಾರೆ, ಎಲ್ಲವೂ ಅವರಿಗೆ ತಿಳಿಯುತ್ತದೆ. ಬಾಗಿಲು ಅರೆ ತೆರೆದಿಟ್ಟು, ಅವರ ತಲೆಯ ಮೇಲಿಂದ ಇಬ್ಬರು ಆಯಾಗಳು ರಜೆಯ ವಿಚಾರ ಮಾತಾಡಿಕೊಳ್ಳುವುದೂ ತಿಳಿಯುತ್ತದೆ.

ದಿನಾ ಮೀಯಿಸುತ್ತೀರಾ ಎಂಬುದು ಮನೆಯವರ ಮೊದಲ ಪ್ರಶ್ನೆ. ಹೆಚ್ಚಿನವರಿಗೆ ವಾರಕ್ಕೆ ಎರಡು ಪೂರ್ತಿ ಸ್ನಾನ ಸಾಕು. ದಿನಾ ಬೇಕೆನ್ನುವವರಿಗೆ ದಿನಾ, ಆದರೆ ಸೋಪು ಕಡಿಮೆ. ಮುಖ, ಕೈ, ಕಂಕುಳು, ಚರ್ಮದ ಮಡಿಕೆ, ಗುಪ್ತಾಂಗ ಇಷ್ಟನ್ನು ಮಾತ್ರ ತಪ್ಪದೆ ನಿತ್ಯ ಶುಚಿ ಮಾಡಬೇಕು. ಡೈಪರ್ ಹಾಕುವವರಿಗೆ ಬದಲಿಸಿದಾಗಲೆಲ್ಲ. ವಯಸ್ಸಾದಂತೆ ಎಣ್ಣೆಗ್ರಂಥಿಗಳೂ ಬೆವರುಗ್ರಂಥಿಗಳೂ ಮಂದವಾಗುತ್ತವೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ 5.5ರ ಆಸುಪಾಸು, ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ದಿನವೂ ತಿಕ್ಕಿದರೆ ಇದ್ದಬದ್ದ ಜಿಡ್ಡೂ ಹೋಗಿ ಚರ್ಮ ಬಿರಿಯುತ್ತದೆ, ರಾತ್ರಿಯೆಲ್ಲ ತುರಿಕೆ, ತುರಿಸಿದಲ್ಲಿ ಗಾಯ. ಚರ್ಮದ ಪಿಎಚ್‌ಗೆ ಹೊಂದುವ, ಸುವಾಸನೆ ಸೇರಿಸದ ದ್ರವ ಕ್ಲೆನ್ಸರ್ ಬಳಸುತ್ತೇವೆ. ಅದೂ ಕಂಕುಳು, ತೊಡೆಸಂದು, ಪಾದಕ್ಕೆ. ಕೈಕಾಲು, ಬೆನ್ನಿಗೆ ಬರೀ ನೀರಾದರೂ ನಡೆಯುತ್ತದೆ. ನೊರೆ ಬಂದರಷ್ಟೇ ಸ್ನಾನ ಎಂಬ ನಂಬಿಕೆ ಬಿಡಿಸುವುದು ಹಿರಿಯರಿಗಿಂತ ಅವರ ಮನೆಯವರಲ್ಲಿ ಕಷ್ಟ.

ಶುರುವಾಗುವುದು ಹಾಸಿಗೆಯ ಪಕ್ಕದಲ್ಲಿ. ಊಟವಾಗಿ ಒಂದು ಗಂಟೆ ಕಳೆದಿರಬೇಕು. ಬಿಪಿ ಮಾತ್ರೆ ಕೊಟ್ಟ ಹೊತ್ತು ನೋಡಿಕೊಳ್ಳುತ್ತೇವೆ. ಮಾತ್ರೆಯ ಪರಿಣಾಮ ಏರಿದ ಸಮಯಕ್ಕೇ ಬಿಸಿ ನೀರೂ ಸೇರಿದರೆ ಒತ್ತಡ ಧಡಕ್ಕನೆ ಇಳಿಯುತ್ತದೆ. ಸಂಧಿವಾತ ಇರುವವರಿಗೆ ನೋವಿನ ಮಾತ್ರೆ ಬರೆದಿದ್ದರೆ ಅದನ್ನು 30ರಿಂದ 60 ನಿಮಿಷ ಮೊದಲು ಕೊಡುವಂತೆ ಸಿಸ್ಟರ್‌ಗೆ ಹೇಳಿರುತ್ತೇವೆ. ಭುಜ ಎತ್ತಿದರೆ ಚೀರುವವರಲ್ಲಿ ಅರ್ಧ ಗಲಾಟೆ ಇಷ್ಟರಲ್ಲೇ ತಣ್ಣಗಾಗುತ್ತದೆ. ಮೂತ್ರಕ್ಕೆ ಹೋಗಿಬಂದಾಗಿರಬೇಕು, ಏಕೆಂದರೆ ನೀರಿನ ಸದ್ದಿಗೇ ಅವಸರವಾಗುತ್ತದೆ. ಕನ್ನಡಕ, ಕಿವಿಯ ಮಿಷನ್ ಈಗಲೇ ತೆಗೆಯುವುದಿಲ್ಲ. ಏನು ಮಾಡುತ್ತೇವೆ ಎಂದು ಹೇಳಿದ್ದು ಅವರಿಗೆ ಕೇಳಿಸಬೇಕಲ್ಲ. ಸ್ನಾನದ ಕುರ್ಚಿಯಲ್ಲಿ ಕೂತ ಮೇಲೆ, ನೀರು ಬಿಡುವ ಮುಂಚೆ ತೆಗೆದರಾಯಿತು.

"ಸ್ನಾನ ಮಾಡ್ತೀರಾ?" ಎಂದು ಕೇಳುವುದಿಲ್ಲ. ಬೇಡ ಎನ್ನುತ್ತಾರೆ, ಮತ್ತೆ ಆ ಉತ್ತರವನ್ನು ನಾವೇ ಮುರಿಯಬೇಕಾಗುತ್ತದೆ. "ಅಜ್ಜಿ, ನೀರು ಕಾದಿದೆ, ಈಗ ಬರ್ತೀರಾ, ಕಾಫಿ ಕುಡಿದು ಬರ್ತೀರಾ?" ಎಂದರೆ ಆಯ್ಕೆ ಅವರದ್ದೇ. ಅಷ್ಟಾದರೂ ಬೇಡವೆಂದರೆ ಅಲ್ಲಿಗೇ ಬಿಟ್ಟು 20–30 ನಿಮಿಷ ಬಿಟ್ಟು ಬೇರೊಬ್ಬರು ಹೋಗಿ ಕೇಳುತ್ತಾರೆ. ಜೀವಮಾನವಿಡೀ ರಾತ್ರಿ ಮಲಗುವ ಮುನ್ನ ಮಿಂದವರನ್ನು ಬೆಳಗಿನ ಆರಕ್ಕೆ ಎಬ್ಬಿಸಿ ಮೀಯಿಸುವುದು ಕೇಂದ್ರದ ಅನುಕೂಲಕ್ಕೆ ಹೊರತು ಅವರ ಅನುಕೂಲಕ್ಕಲ್ಲ. ಸೇರಿಸಿಕೊಳ್ಳುವ ದಿನವೇ ಮೂರು ಸಂಗತಿ ಕೇಳಿ ಬರೆದಿಟ್ಟುಕೊಂಡರೆ ಆಮೇಲಿನ ಎಷ್ಟೋ ಜಗಳ ತಪ್ಪುತ್ತದೆ: ಯಾವ ಹೊತ್ತು, ಎಷ್ಟು ಬಿಸಿ, ಮೀಯಿಸುವವರು ಹೆಣ್ಣೋ ಗಂಡೋ.

ಬಚ್ಚಲಿನ ಕೋಣೆ 24–26 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು. ನಾವು ಮೈತುಂಬ ಬಟ್ಟೆ ಹಾಕಿ ಓಡಾಡುತ್ತಿರುತ್ತೇವೆ, ಅವರು ಒದ್ದೆಯಾಗಿ ಅಲುಗದೆ ಕೂತಿರುತ್ತಾರೆ. ನಮಗೆ ಬೆವರು ಬಂದರೆ ಕೋಣೆ ಸರಿಯಾಗಿದೆ ಎಂದರ್ಥ. ಕಿಟಕಿ ಮುಚ್ಚಿ, ಬಿಸಿ ನೀರನ್ನು ಒಂದೆರಡು ನಿಮಿಷ ಖಾಲಿ ಬಿಟ್ಟರೆ ಗೋಡೆ, ಕುರ್ಚಿ, ನೆಲ ಎಲ್ಲ ಬೆಚ್ಚಗಾಗುತ್ತವೆ. ತಣ್ಣನೆಯ ಪ್ಲಾಸ್ಟಿಕ್ ಸೀಟಿನ ಮೇಲೆ ಬರಿಮೈಯಲ್ಲಿ ಕೂರಿಸಿದರೆ ಯಾರಾದರೂ ಎದ್ದೇಳುತ್ತಾರೆ. ಸೀಟಿನ ಮೇಲೊಂದು ಟವಲ್ ಹಾಸಿ.

ಸಾಮಾನು ಜೋಡಿಸುವುದರಲ್ಲಿ ಕಂಜೂಸಿತನ ಬೇಡ. ದೊಡ್ಡ ಟವಲ್ ಮೂರು (ಹೆಗಲಿಗೊಂದು, ಮಡಿಲಿಗೊಂದು, ಒರೆಸಲೊಂದು), ತಲೆಗೆ ಚಿಕ್ಕದೊಂದು, ಮೈ ಒರೆಸುವ ಸಣ್ಣ ಬಟ್ಟೆ ಐದು: ಮುಖಕ್ಕೆ ಒಂದು, ಮೈಗೆ ಎರಡು, ಗುಪ್ತಾಂಗಕ್ಕೆ ಎರಡು. ಎರಡು ಬಣ್ಣದ ಬಟ್ಟೆ ಇಟ್ಟುಕೊಂಡರೆ ಕೆಳಗಿನದು ಮುಖಕ್ಕೆ ಬರುವ ಪ್ರಮಾದ ಆಗುವುದಿಲ್ಲ. ಕ್ಲೆನ್ಸರ್, ಲೋಶನ್, ಗ್ಲೌಸ್, ಥರ್ಮಾಮೀಟರ್, ಹೊಸ ಡೈಪರ್, ತೊಡಿಸುವ ಕ್ರಮದಲ್ಲೇ ಒಂದರ ಮೇಲೊಂದು ಇಟ್ಟ ಬಟ್ಟೆ, ಜಾರದ ಚಪ್ಪಲಿ. ಒಂದು ಮರೆತರೂ ತರಲು ಹೋಗಬೇಕು, ಹೋದರೆ ಅವರು ಒಬ್ಬರೇ. ಒದ್ದೆ ಕೋಣೆಯಲ್ಲಿ ಒಂಟಿಯಾಗಿ ಬಿಡುವ ಮಾತೇ ಇಲ್ಲ, ಬೆಲ್ ಒತ್ತಿ ಬೇರೆಯವರನ್ನು ಕರೆಯಬೇಕು.

ಇನ್ನು ನೀರು. ಮೈಗೆ ತಾಗುವ ನೀರು 38ರಿಂದ 40 ಡಿಗ್ರಿ. ಥರ್ಮಾಮೀಟರಿನಲ್ಲಿ ನೋಡಿ, ಆಮೇಲೆ ನಮ್ಮ ಮಣಿಕಟ್ಟಿನ ಒಳಬದಿಗೆ ಬಿಟ್ಟುಕೊಂಡು, ಕೊನೆಗೆ ಅವರ ಕೈಗೆ ಹಾಕಿ "ಸಾಕಾ?" ಎಂದು ಕೇಳಬೇಕು. ಗ್ಲೌಸ್ ಹಾಕಿದ ಕೈಗೆ ಬಿಸಿ ತಿಳಿಯುವುದಿಲ್ಲ. ಶುಗರ್ ಇರುವವರಿಗೆ, ಪಾರ್ಶ್ವವಾಯು ಹೊಡೆದವರಿಗೆ ಪಾದದಲ್ಲಿ ಸ್ಪರ್ಶ ಸರಿಯಿಲ್ಲದಿರಬಹುದು. ಸುಡುತ್ತಿದೆ ಎಂದು ಅವರು ಹೇಳಲಾರರು, ಬೊಬ್ಬೆ ಎದ್ದ ಮೇಲೆ ನಾವೇ ನೋಡಬೇಕು. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು, ವಯಸ್ಸಾದ ತೆಳು ಚರ್ಮಕ್ಕೆ ಅಷ್ಟೂ ಹೊತ್ತು ಬೇಡ. ಹಾಗೆಂದು ಟ್ಯಾಂಕಿನ ನೀರನ್ನೇ 40ಕ್ಕೆ ಇಟ್ಟರೆ ಇನ್ನೊಂದು ಅಪಾಯ: 20ರಿಂದ 45 ಡಿಗ್ರಿಯ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ 60 ಡಿಗ್ರಿ, ನಲ್ಲಿಯ ಹತ್ತಿರ ತಣ್ಣೀರು ಬೆರೆಸಿ ಬಿಸಿಗೆ ಮಿತಿ ಹಾಕುವ ಮಿಕ್ಸಿಂಗ್ ವಾಲ್ವ್. ಯಾರೂ ಬಳಸದ ಶವರನ್ನು ವಾರಕ್ಕೊಮ್ಮೆ ಕೆಲವು ನಿಮಿಷ ಸುಮ್ಮನೆ ಹರಿಯಬಿಡಬೇಕು. ಬಕೆಟ್ಟಿನಲ್ಲಿ ಬೆರೆಸುವುದಾದರೆ ಮೊದಲು ತಣ್ಣೀರು, ಮೇಲೆ ಬಿಸಿ. ತಿರುವುಮುರುವು ಮಾಡಿ, ನಡುವೆ ಯಾರೋ ಕರೆದರೆಂದು ತಿರುಗಿದಾಗ ಕಾದ ನೀರಿನ ಬಕೆಟ್ಟು ಹಿರಿಯರ ಕೈಯಳತೆಯಲ್ಲೇ ಉಳಿದಿರುತ್ತದೆ.

ಕುರ್ಚಿಗೆ ಕೂರಿಸುವಾಗ ನಾಲ್ಕೂ ಚಕ್ರದ ಬ್ರೇಕ್ ಹಾಕಿರಬೇಕು. ಎರಡು ಹಾಕಿದರೆ ಕುರ್ಚಿ ಗಿರ್ರನೆ ತಿರುಗುತ್ತದೆ. ಪಾದಗಳು ನೆಲಕ್ಕೋ ಕಾಲ್ಮಣೆಗೋ ಊರಿರಬೇಕು. ಕಾಲು ಜೋತಾಡುತ್ತಿದ್ದರೆ ಬಿದ್ದೇನು ಎಂಬ ದಿಗಿಲು ಹತ್ತುತ್ತದೆ, ಆ ದಿಗಿಲಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸಿಗುವುದು ಟವಲ್ ನೇತುಹಾಕುವ ಸರಳಾದರೆ ಸರಳು ಗೋಡೆಯಿಂದ ಕಿತ್ತು ಬರುತ್ತದೆ. ಹಿಡಿಕೆಯ ಕಂಬಿಯೇ ಬೇರೆ, ಟವಲ್ ಸರಳೇ ಬೇರೆ. ಎತ್ತಿ ಕೂರಿಸಬೇಕಾದವರಿಗೆ ಹಾಯ್ಸ್ಟ್ (ಜೋಲಿಯಲ್ಲಿ ಕೂರಿಸಿ ಎತ್ತುವ ಸಾಧನ) ಬಳಸುವುದಾದರೆ ಇಬ್ಬರು ಇರಲೇಬೇಕು. ಜೋಲಿಯ ಅಳತೆ, ಅದರ ಮೇಲೆ ಬರೆದ ತೂಕದ ಮಿತಿ, ಹೊಲಿಗೆ ಬಿಟ್ಟಿದೆಯೇ ಎಂಬುದನ್ನು ಪ್ರತಿ ಸಲ ನೋಡಬೇಕು.

ಬಟ್ಟೆ ಬಿಚ್ಚುವಾಗ ಗಟ್ಟಿ ಕೈ ಮೊದಲು, ಸೋತ ಕೈ ಆಮೇಲೆ. ತೊಡಿಸುವಾಗ ಸೋತ ಕೈ ಮೊದಲು. ಪಾರ್ಶ್ವವಾಯುವಿನ ಭುಜದ ಸ್ನಾಯು ಸಡಿಲವಾಗಿರುತ್ತದೆ, ಕೈ ಹಿಡಿದು ಎಳೆದರೆ ಕೀಲು ಜಾರುತ್ತದೆ. ಕಂಕುಳಿಗೆ ಕೈಹಾಕಿ ಎತ್ತುವುದಂತೂ ಯಾರಿಗೂ ಕೂಡದು. ಹೆಗಲಿನ ಮೇಲೊಂದು, ಮಡಿಲಿನ ಮೇಲೊಂದು ಟವಲ್ ಸ್ನಾನ ಮುಗಿಯುವವರೆಗೂ ಇರುತ್ತದೆ. ಟವಲ್ ಒದ್ದೆಯಾಗುತ್ತದಲ್ಲ ಎಂದು ಹೊಸಬರು ತೆಗೆಯಲು ಹೋಗುತ್ತಾರೆ. ಒದ್ದೆಯಾಗಲಿ. ಬಿಸಿ ನೀರು ಕುಡಿದ ಟವಲ್ ಮೈಗಂಟಿ ಬೆಚ್ಚಗಿಡುತ್ತದೆ, ಮಾನವನ್ನೂ ಕಾಯುತ್ತದೆ. ಟವಲಿನ ಅಡಿಗೆ ಕೈ ಹಾಕಿಯೇ ತೊಳೆಯಬಹುದು.

ನೀರು ಪಾದದಿಂದ ಮೇಲಕ್ಕೆ. "ಅಮ್ಮಾ, ಈಗ ಕಾಲಿಗೆ ಬಿಡ್ತೀನಿ" ಎಂದು ಹೇಳಿ, ಹೇಳಿದ ಮೇಲೆ ಬಿಟ್ಟು, ಮಂಡಿ, ತೊಡೆ, ಕೈ, ಬೆನ್ನು ಹೀಗೆ ಏರುತ್ತ ಹೋಗಬೇಕು. ಹ್ಯಾಂಡ್ ಶವರಿನ ಬಿರುಸು ತಗ್ಗಿಸಿ, ಮೂತಿಯನ್ನು ಮೈಗೆ ಹತ್ತಿರ ಹಿಡಿದರೆ ನೀರು ಚುಚ್ಚುವುದಿಲ್ಲ, ಹರಿಯುತ್ತದೆ. ಮುಖವನ್ನು ಹಿಂಡಿದ ಬಟ್ಟೆಯಿಂದ ಒರೆಸುವುದಷ್ಟೆ. ಕಣ್ಣಿಗೆ ಸೋಪಿಲ್ಲ, ಮೂಗಿನ ಕಡೆಯ ಮೂಲೆಯಿಂದ ಹೊರಕ್ಕೆ ಒಂದೇ ಎಳೆತ, ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ತುದಿ. ಅವರಿಗೆ ಕೈ ಆಡುವುದಾದರೆ ಬಟ್ಟೆ ಅವರ ಕೈಯಲ್ಲೇ ಇರಲಿ, ಮುಖ, ಎದೆ, ಗುಪ್ತಾಂಗ ಅವರೇ ತೊಳೆದುಕೊಳ್ಳಲಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಕಂಕುಳು, ಸ್ತನದ ಅಡಿ, ಹೊಟ್ಟೆಯ ಮಡಿಕೆ, ತೊಡೆಸಂದು, ಕಾಲ್ಬೆರಳ ಸಂದು: ಬೆವರು ನಿಂತು ಚರ್ಮ ಮೆತ್ತಗಾಗಿ ಬೂಸು ಹಿಡಿಯುವ ಜಾಗಗಳಿವು. ಮಡಿಕೆಯನ್ನು ಎತ್ತಿ ನೋಡಿ ತೊಳೆಯಬೇಕು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ, ಪ್ರತಿ ಒರೆತಕ್ಕೂ ಬಟ್ಟೆಯ ಹೊಸ ಭಾಗ. ಹಿಂದಿನಿಂದ ಮುಂದಕ್ಕೆ ಬಂದರೆ ಮಲದ ಬ್ಯಾಕ್ಟೀರಿಯಾವನ್ನು ಮೂತ್ರದ್ವಾರಕ್ಕೆ ನಾವೇ ಕೊಂಡೊಯ್ದಂತೆ. ಗಂಡಸರಲ್ಲಿ ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ತೊಳೆದು, ಮರೆಯದೆ ಮತ್ತೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಬಾವು ಬಂದು ಸಿಕ್ಕಿಕೊಂಡು ತುರ್ತು ಚಿಕಿತ್ಸೆಗೆ ಓಡಬೇಕಾಗುತ್ತದೆ. ಕ್ಯಾಥೆಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಇದ್ದರೆ ನಳಿಕೆಯನ್ನು ಮೈಯಿಂದ ಹೊರಮುಖವಾಗಿ ಒರೆಸಿ, ಮೂತ್ರದ ಚೀಲ ಯಾವ ಗಳಿಗೆಯಲ್ಲೂ ಮೂತ್ರಕೋಶಕ್ಕಿಂತ ಮೇಲೆ ಹೋಗದಂತೆ ನೋಡಿಕೊಳ್ಳಿ. ಕುರ್ಚಿಯ ಕೈಗೆ ಚೀಲ ನೇತುಹಾಕುವುದು ದಿನಾ ಕಾಣುವ ತಪ್ಪು.

ತಲೆ ಕೊನೆಗೆ. ತಲೆಯಿಂದ ಶುರುಮಾಡಿದರೆ ಸ್ನಾನ ಪೂರ್ತಿ ಒದ್ದೆ ತಲೆಯಲ್ಲಿ ನಡುಗುತ್ತ ಕೂರಬೇಕು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದವರಿಗೆ ಮುಖದ ಮೇಲೆ ನೀರು ಇಳಿಯುವುದೆಂದರೆ ಮುಳುಗಿದಂತೆ ಅನ್ನಿಸುತ್ತದೆ. ಹಣೆಗೆ ಮಡಚಿದ ಬಟ್ಟೆ ಒತ್ತಿ ಹಿಡಿದು, ಹಿಂದಿನಿಂದ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪ ಹಾಕಬಹುದು. ಅದೂ ಆಗದಿದ್ದರೆ ತಲೆಸ್ನಾನವನ್ನು ಬೇರೆ ದಿನಕ್ಕೆ ಇಟ್ಟುಕೊಂಡರೆ ಏನೂ ಕೆಡುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬಚ್ಚಲಿನ ಬಾಗಿಲು ಕಂಡೊಡನೆ ನಡುಗುವವರಿದ್ದಾರೆ. ಅವರಿಗೆ ಟವಲ್ ಸ್ನಾನ. ಇದು ಅರ್ಧಂಬರ್ಧ ಸ್ನಾನವೆಂದು ಮೂಗು ಮುರಿಯುವವರಿಗೆ ಒಂದು ಮಾಹಿತಿ: ಫಿಲಿಪ್ ಸ್ಲೋನ್ ಮತ್ತು ಸಂಗಡಿಗರು ಅಮೆರಿಕದ 15 ನರ್ಸಿಂಗ್ ಹೋಂಗಳಲ್ಲಿ ಡಿಮೆನ್ಷಿಯಾ ಇದ್ದ ವೃದ್ಧರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಕ್ತಿಗೆ ತಕ್ಕಂತೆ ಹೊಂದಿಸಿದ ಶವರ್ ಸ್ನಾನದಿಂದಲೂ ಟವಲ್ ಸ್ನಾನದಿಂದಲೂ ಕಳವಳ ಇಳಿಯಿತು, ಹೊಡೆದಾಟವಂತೂ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಮಾಡುವ ಬಗೆ ಹೀಗೆ. ಮೈಪೂರ್ತಿ ಮುಚ್ಚುವಷ್ಟು ದೊಡ್ಡ ಟವಲ್ ಒಂದು, ಚಿಕ್ಕದೊಂದು, ಸಣ್ಣ ಬಟ್ಟೆ ಎರಡು ಮೂರು ಇವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸುಮಾರು ಎರಡು ಲೀಟರ್ 41–43 ಡಿಗ್ರಿಯ ನೀರಿಗೆ ಮತ್ತೆ ತೊಳೆಯಬೇಕಿಲ್ಲದ ಕ್ಲೆನ್ಸರ್ 30–45 ಮಿಲಿ (ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದು) ಬೆರೆಸಿ ಸುರಿದು, ಚೆನ್ನಾಗಿ ನೆನೆಸಿ, ಹೆಚ್ಚುವರಿ ನೀರು ಹಿಂಡಿ ಹೊರಬಿಡಬೇಕು. ಹಾಸಿಗೆಯಲ್ಲಿ ಹೊದಿಕೆಯ ಅಡಿಯಲ್ಲೇ ಬಟ್ಟೆ ತೆಗೆದು, ಹೊದಿಕೆಯನ್ನು ಕೆಳಕ್ಕೆ ಸರಿಸುತ್ತ ಬಂದಂತೆ ಬಿಸಿ ಟವಲನ್ನು ಅದರ ಜಾಗಕ್ಕೆ ಹರಡುತ್ತ ಹೋಗಬೇಕು, ಮೈ ಒಂದು ಕ್ಷಣವೂ ಬರಿದಾಗದಂತೆ. ಟವಲಿನ ಮೇಲಿಂದಲೇ ಕೈಯಾಡಿಸಿ ನೀವಿದರೆ ಕೊಳೆ ಬಟ್ಟೆಗೆ ಬರುತ್ತದೆ. ಮುಖಕ್ಕೆ, ಗುಪ್ತಾಂಗಕ್ಕೆ ಸಣ್ಣ ಬಟ್ಟೆ. ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ಚಿಕ್ಕ ಟವಲ್. ಎಡವಟ್ಟಾಗುವುದು ಸಾಧಾರಣವಾಗಿ ಒಂದೇ: ಚೀಲದ ಬಾಯಿ ತೆರೆದಿಟ್ಟು ಟವಲ್ ಆರಿಹೋಗಿರುತ್ತದೆ. ಆರಿದ ಟವಲ್ ಮೈಮೇಲೆ ಬಿದ್ದರೆ ಮುಂದಿನ ಸಲ ಚೀಲ ನೋಡಿದರೇ ಕೂಗುತ್ತಾರೆ.

ಹಾಸಿಗೆ ಬಿಟ್ಟೇಳದವರಿಗೆ ಬೇಸಿನ್ ಇಟ್ಟು ಒರೆಸುವಾಗ ನೀರು 41–43 ಡಿಗ್ರಿ, ಏಕೆಂದರೆ ಬಟ್ಟೆ ಹಿಂಡಿ ಮೈಗೆ ತರುವಷ್ಟರಲ್ಲಿ ತಣಿದಿರುತ್ತದೆ. ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು, ಕೊನೆಗೆ ಗುಪ್ತಾಂಗ. ಅದಕ್ಕೆ ಮೊದಲು ನೀರು ಬದಲಿಸಲೇಬೇಕು. ತೊಳೆಯುವ ಭಾಗವಷ್ಟೇ ಹೊದಿಕೆಯಿಂದ ಹೊರಗೆ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಒರೆಸಲು ಹೇಳಿದ್ದರೆ ಅದರ ಜೊತೆ ಮಾಮೂಲಿ ಸೋಪು ಸೇರಬಾರದು, ಸೋಪು ಅದರ ಶಕ್ತಿಯನ್ನೇ ಕುಗ್ಗಿಸುತ್ತದೆ. ಕಣ್ಣಿಗೂ ಕಿವಿಯೊಳಕ್ಕೂ ಅದು ಹೋಗಕೂಡದು.

ಮೈ ಪೂರ್ತಿ ಕಣ್ಣಿಗೆ ಬೀಳುವುದು ಈ ಹೊತ್ತಿನಲ್ಲಿ ಮಾತ್ರ. ಬೆನ್ನಿನ ತುದಿಯ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ಕಿವಿಯ ಹಿಂಬದಿ ಇಷ್ಟನ್ನೂ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ; ಬಿಳಿಚದೇ ಹಾಗೇ ಉಳಿದರೆ ಅದು ಮಲಗಿದಲ್ಲೇ ಒತ್ತಿ ಆಗುವ ಹುಣ್ಣಿನ, ಅಂದರೆ ಬೆಡ್‌ಸೋರ್‌ನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಈ ಬಿಳಿಚುವಿಕೆ ಕಾಣಿಸದು. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯೋ ಮೆತ್ತಗೋ ಆಗಿದೆಯೇ, ಮುಟ್ಟಿದರೆ ಮುಖ ಹಿಂಡುತ್ತಾರೆಯೇ ಎಂದು ಕೈಯಿಂದ ತಿಳಿಯಬೇಕು. ಅಂಥ ಜಾಗವನ್ನು ತಿಕ್ಕಿ ನೀವಿದರೆ ರಕ್ತ ಓಡುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಕೆಲವರಲ್ಲಿದೆ. ತಿಕ್ಕಿದರೆ ಒಳಗಿನ ಊತಕ ಇನ್ನಷ್ಟು ಹರಿಯುತ್ತದೆ. ಬೆರಳ ಸಂದಿಯಲ್ಲಿ ಸಣ್ಣ ಗೆರೆಗಳು, ರಾತ್ರಿ ಹೆಚ್ಚುವ ತುರಿಕೆ ಇದ್ದರೆ ಕಜ್ಜಿಯ ಹುಳು ಇರಬಹುದು. ಅಂದೇ ಸಿಸ್ಟರ್‌ಗೆ ಹೇಳಬೇಕು, ಇಲ್ಲವಾದರೆ ವಾರ್ಡಿಗೆಲ್ಲ ಹಬ್ಬುತ್ತದೆ.

ಒರೆಸುವುದೆಂದರೆ ಒತ್ತಿ ತೇವ ಹೀರಿಸುವುದು. ಎಳೆದು ಉಜ್ಜಿದರೆ ಮುಂಗೈ, ಮೊಣಕಾಲ ಕೆಳಗಿನ ಚರ್ಮ ಹಾಳೆಯಂತೆ ಹರಿದುಬರುತ್ತದೆ. ನಮ್ಮ ಉಂಗುರ, ಗಡಿಯಾರ, ಉದ್ದ ಉಗುರು ಇದೇ ಕೆಲಸ ಮಾಡುತ್ತವೆ. ಮಡಿಕೆಗಳು, ಕಾಲ್ಬೆರಳ ಸಂದು ಪೂರ್ತಿ ಒಣಗಬೇಕು. ಲೋಶನನ್ನು ಮೈ ಇನ್ನೂ ತುಸು ತೇವವಿರುವಾಗ, ಮೂರು ನಿಮಿಷದೊಳಗೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಕೂದಲು ಹೊರಳುವ ದಿಕ್ಕಿನಲ್ಲಿ, ಮೆಲ್ಲಗೆ. ಬೆರಳ ಸಂದಿಗೆ ಬೇಡ, ಅಂಗಾಲಿಗೆ ಹಚ್ಚಿದರೆ ಕಾಲುಚೀಲ ಹಾಕದೆ ಎಬ್ಬಿಸಬೇಡಿ. ಪ್ಯಾರಾಫಿನ್ ಇರುವ ಮುಲಾಮು ಬಟ್ಟೆಗೆ ಹತ್ತಿ ಒಣಗಿದರೆ ಬೆಂಕಿ ಬೇಗ ಹಿಡಿಯುತ್ತದೆ. ಬೀಡಿ ಸಿಗರೇಟು ಸೇದುವವರ ವಿಷಯದಲ್ಲಿ ಇದನ್ನು ನೆನಪಿಡಬೇಕು. ಉಗುರು ಮೆತ್ತಗಾಗಿರುವುದರಿಂದ ಕತ್ತರಿಸಲು ಇದೇ ಸಮಯ, ನೇರಕ್ಕೆ ಕತ್ತರಿಸಬೇಕು. ಶುಗರ್ ಇರುವವರ ಕಾಲುಗುರಿಗೆ ಮಾತ್ರ ನಾವು ಕೈಹಚ್ಚುವುದಿಲ್ಲ, ಅದು ತರಬೇತಾದವರ ಕೆಲಸ.

ಬಿಸಿ ನೀರಿಗೆ ಚರ್ಮದ ರಕ್ತನಾಳಗಳು ಅಗಲವಾಗಿರುತ್ತವೆ. ಥಟ್ಟನೆ ನಿಲ್ಲಿಸಿದರೆ ಮಿದುಳಿಗೆ ರಕ್ತ ಸಾಲದೆ ಕುಸಿಯುತ್ತಾರೆ. ಬಟ್ಟೆ ತೊಡಿಸಿ, ಎರಡು ಮೂರು ನಿಮಿಷ ಕೂತಲ್ಲೇ ಪಾದ ಆಡಿಸಲು ಹೇಳಿ, ಆಮೇಲೆ ಎಬ್ಬಿಸಬೇಕು. ಮಾತಾಡುತ್ತಿದ್ದವರು ಸುಮ್ಮನಾದರೆ, ಆಕಳಿಸಿದರೆ, ತುಟಿ ಬಿಳಿಚಿದರೆ ಅದು ಮುನ್ಸೂಚನೆ. ನೀರು ನಿಲ್ಲಿಸಿ, ಮುಂದಕ್ಕೆ ಜಾರದಂತೆ ತಬ್ಬಿ ಹಿಡಿದು, ಟವಲ್ ಹೊದಿಸಿ, ಬೆಲ್ ಒತ್ತಿ. ಒಬ್ಬರೇ ಎತ್ತಿ ಹಾಸಿಗೆಗೆ ಸಾಗಿಸಲು ಹೋದರೆ ಇಬ್ಬರೂ ಬೀಳುತ್ತೀರಿ. ಟಬ್ಬಿನಲ್ಲಾದರೆ ಗಲ್ಲ ನೀರಿನ ಮೇಲೆ ಎತ್ತಿ ಹಿಡಿದುಕೊಂಡೇ ಮೊದಲು ನೀರು ಖಾಲಿ ಮಾಡುವ ಬಿರಡೆ ಕೀಳಬೇಕು.

ಅವರನ್ನು ಕೋಣೆಗೆ ಬಿಟ್ಟು ಬಂದ ಮೇಲೆ ಕುರ್ಚಿಯ ಸೀಟಿನ ಅಡಿಭಾಗ, ಪಟ್ಟಿ, ಹಿಡಿಕೆ ಎಲ್ಲ ಸೋಪಿನಿಂದ ತೊಳೆದು, ಸೋಂಕುನಾಶಕ ಹಾಕಿ, ಅದರ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗಿರಲು ಬಿಡಬೇಕು. ಹಾಕಿದೊಡನೆ ಒರೆಸಿಬಿಟ್ಟರೆ ಕ್ರಿಮಿ ಸಾಯುವುದಿಲ್ಲ. ಬೇಸಿನ್ ಒಬ್ಬರದು ಒಬ್ಬರಿಗೇ, ತೊಳೆದು ಬೋರಲು ಹಾಕಿ ಒಣಗಿಸಬೇಕು. ಅದರಲ್ಲಿ ಸೋಪು, ಬಾಚಣಿಗೆ ತುಂಬಿಡುವ ಅಭ್ಯಾಸ ಬಿಡಬೇಕು.

ಆಮೇಲೆ ದಾಖಲೆ. ಗಾಯ ಕಂಡಿದ್ದರೆ ಯಾವ ಜಾಗ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಯಾರಿಗೆ ತಿಳಿಸಿದ್ದು ಎಂದು ಬರೆಯುತ್ತೇವೆ. ಸ್ನಾನ ಬೇಡವೆಂದಿದ್ದರೆ 'ನಿರಾಕರಿಸಿದರು' ಎಂಬೊಂದು ಪದ ಮುಂದಿನ ಪಾಳಿಯವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. 'ಬಲ ಭುಜ ಎತ್ತಿದಾಗ ಕೂಗಿದರು. ತೋಳು ಎತ್ತದೆ ಟವಲಿನ ಅಡಿಯಿಂದ ಒರೆಸಿದಾಗ ಸುಮ್ಮನಿದ್ದರು. ತಲೆಸ್ನಾನ ಆಗಿಲ್ಲ' ಎಂದು ಬರೆದಿದ್ದರೆ ನಾಳೆ ಬರುವವರು ಭುಜ ಎತ್ತುವ ಮೊದಲು ನೋವಿನ ಮಾತ್ರೆಯ ಸಮಯ ನೋಡಿಕೊಳ್ಳುತ್ತಾರೆ.